ಕ್ರಮಸಂಖ್ಯೆ ಏಳು, ಗೈರುಹಾಜರಿ

ಸೊಣ್ಣಪ್ಪನಕುಂಟೆ
ಶಿಡ್ಲಘಟ್ಟ ತಾಲ್ಲೂಕು
9 ಸೆಪ್ಟೆಂಬರ್ 2024

ಚಿರಂಜೀವಿ ತನುಜಾಗೆ ಅಪ್ಪನ ಆಶೀರ್ವಾದಗಳು.

ಮೂರು ವರ್ಷದ ಮೇಲೆ ಅಪ್ಪನಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತೆಂದು ಗಾಬರಿಯಾಗಬೇಡ. ಇದು ಹೋಂವರ್ಕು. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದು ನಿನ್ನ ಹಕ್ಕು. ಆದರೆ ಕಾಗದ ತಾನಾಗಿಯೇ ಬಂದು ಮೇಜಿನ ಮೇಲೆ ಕೂರುತ್ತದೆ, ಅದನ್ನು ಕಟ್ ಮಾಡುವ ಗುಂಡಿ ಇನ್ನೂ ಬಂದಿಲ್ಲ.

ವಿಷಯ ಏನೆಂದರೆ, ಐವತ್ತಾರನೇ ವಯಸ್ಸಿನಲ್ಲಿ ನಿನ್ನ ತಂದೆ ಮತ್ತೆ ವಿದ್ಯಾರ್ಥಿಯಾಗಿದ್ದಾನೆ. ಪೇಟೆಯಲ್ಲಿ ಆಟೋಮ್ಯಾಟಿಕ್ ಮೆಷಿನ್ನುಗಳು ಬಂದು ಒಳ್ಳೊಳ್ಳೆ ರೇಷ್ಮೆಗೂಡನ್ನೆಲ್ಲ ನುಂಗಿದ ಮೇಲೆ ನಮ್ಮೂರಿನ ನೂಲು ಬಿಚ್ಚುವ ಹತ್ತೊಂಬತ್ತು ಚರಕಗಳೂ ಒಂದೊಂದಾಗಿ ನಿಂತವು. ಬೇಸಿನ್ನಿನ ಕುದಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹಿಡಿಯುವ ನಮ್ಮಂಥವರ ಪಾಲಿಗೆ ಉಳಿದದ್ದು ಮೈಗಂಟಿದ ಹುಳುವಿನ ವಾಸನೆಯೊಂದೇ. ಆಗ ನಮ್ಮ ಗ್ರಾಮ ಪಂಚಾಯ್ತಿಯವರು ಎಲ್ಲೆಲ್ಲೋ ಓಡಾಡಿ ಅರವತ್ತು ದಿನದ ತರಬೇತಿಯೊಂದನ್ನು ತಂದರು. ನಲ್ಲಿ ಜೋಡಿಸುವುದು, ಪೈಪು ಸೋರಿದರೆ ಮುಚ್ಚುವುದು, ಮೋಟಾರು ಕೆಟ್ಟರೆ ಬೈಯದೆ ಸರಿಮಾಡುವುದು. ಸರ್ಟಿಫಿಕೇಟು ಬಂದವರಲ್ಲಿ ಇಬ್ಬರನ್ನು ಪಂಚಾಯ್ತಿಯೇ ನೀರುಗಂಟಿ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಊರಿಗೆ ನೀರು ಬಿಡುವ ಅಧಿಕಾರ! ಮೂವತ್ತು ವರ್ಷ ಬಿಸಿನೀರಲ್ಲಿ ದುಡಿದವನಿಗೆ ತಣ್ಣೀರಿಗೆ ಬಡ್ತಿ.

ಒಟ್ಟು ಇಪ್ಪತ್ತು ಜನ ಇದ್ದೇವೆ. ಅದರಲ್ಲಿ ಹನ್ನೊಂದು ಜನ ಚರಕದವರು, ಮಿಕ್ಕವರು ಮೀಸೆ ಮೂಡುತ್ತಿರುವ ಹುಡುಗರು. ನನ್ನ ಕ್ರಮಸಂಖ್ಯೆ ಏಳು. ಪಕ್ಕದ ಬೆಂಚಿನಲ್ಲಿ ನಿಮ್ಮಮ್ಮನ ಗೆಳತಿ ಮುನಿಶಾಮಮ್ಮ. ವಾರಕ್ಕೊಂದು ದಿನ ಶಿರೀಷಾ ಎಂಬ ಹುಡುಗಿ ಬಂದು 'ಸಂವಹನ ಕೌಶಲ' ಹೇಳಿಕೊಡುತ್ತಾಳೆ, ಅಂದರೆ ಮಾತಾಡುವುದು ಹೇಗೆ ಎಂಬುದನ್ನು. ನನಗೆ!

"ಅಂಕಲ್, ಮನೆಯವರಿಗೆ ಒಂದು ಲೆಟರ್ ಬರ್ಕೊಂಡ್ ಬನ್ನಿ. ಮನಸಲ್ಲಿ ಇರೋದನ್ನೇ ಬರೀಬೇಕು" ಅಂದಳು.

"ಅಷ್ಟು ಭಾರ ಪೋಸ್ಟ್‌ಮ್ಯಾನ್ ಹೊರಲ್ಲ ಕಣಮ್ಮ" ಅಂದೆ. ಕ್ಲಾಸೆಲ್ಲ ನಕ್ಕಿತು. ಅವಳು ಮಾತ್ರ ನಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೂಡು ಬೇಯಿಸುವ ಹಿತ್ತಲ ಒಲೆ ಆರಿದೆ ತನೂ. ಜೂನ್ ತಿಂಗಳಿಂದ ಹಚ್ಚಿಲ್ಲ. ನಿಮ್ಮಮ್ಮನ ಹನ್ನೊಂದನೇ ದಿನ ಹೊಸ್ತಿಲ ಮೇಲೆ ನಿಂತು, 'ಅಮ್ಮನ್ನ ತಿಂದ ಈ ಒಲೆ ಉರೀತಿರೋತನಕ ಈ ಮನೆ ಮೆಟ್ಟಲ್ಲ' ಅಂದಿದ್ದೆಯಲ್ಲ. ಈಗಲೇ ಬಾ ಎಂದು ಕರೆಯುವುದಿಲ್ಲ. ಗೂಡಿಲ್ಲದೆ ಆರಿದ ಒಲೆ, ಗೂಡು ಸಿಕ್ಕ ದಿನ ಮತ್ತೆ ಹತ್ತಬಹುದು. ಸರ್ಟಿಫಿಕೇಟು ಬರಲಿ, ನೀರುಗಂಟಿಯಾಗಲಿ. ಒಲೆಯನ್ನು ನನ್ನ ಕೈಯಾರೆ ಕಿತ್ತುಹಾಕಿ, ಆ ಜಾಗದಲ್ಲೊಂದು ನಲ್ಲಿ ಕೂರಿಸಿ, ಆಮೇಲೆ ಕರೆಯುತ್ತೇನೆ.

ಇಂತಿ ನಿನ್ನ ತಂದೆ,
ವೆಂಕಟರವಣಪ್ಪ
ಶಿಬಿರಾರ್ಥಿ, ಮುಂದಿನ ಬೆಂಚು


ಸೊಣ್ಣಪ್ಪನಕುಂಟೆ
27 ಸೆಪ್ಟೆಂಬರ್ 2024

ಚಿರಂಜೀವಿ ತನುಜಾಗೆ ಆಶೀರ್ವಾದಗಳು.

ನಿನ್ನ ತಂದೆ ವೆಂಕಟರವಣಪ್ಪನವರು ಈ ಲೋಕದಲ್ಲಿ ಇಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ. ಈ ಸುದ್ದಿಯನ್ನು ದೃಢಪಡಿಸಿರುವುದು ಪಂಚಾಯ್ತಿ ಕಟ್ಟಡದ ಬಾಗಿಲಲ್ಲಿ ಕೂರಿಸಿರುವ ಒಂದು ಕರಿ ಡಬ್ಬಿ. ಅಂಗೈಯಷ್ಟಗಲ ಇದೆ, ಗತ್ತು ಮಾತ್ರ ಡಿ.ಸಿ. ಸಾಹೇಬರದು. ಬೆಳಿಗ್ಗೆ ಬಂದವರು ಅದಕ್ಕೆ ಹೆಬ್ಬೆಟ್ಟು ಕೊಡಬೇಕು. ಹುಡುಗರು ಒತ್ತಿದರೆ ಹಸಿರು ದೀಪ. ನಾನು ಒತ್ತಿದರೆ ಕೆಂಪು ದೀಪ, ಜೊತೆಗೆ ಒಳಗಿಂದ ಒಬ್ಬ ಹೆಂಗಸು "ದಯವಿಟ್ಟು ಮತ್ತೆ ಪ್ರಯತ್ನಿಸಿ" ಎನ್ನುತ್ತಾಳೆ. ಇಷ್ಟು ಮರ್ಯಾದೆಯಿಂದ ನನ್ನನ್ನು ಹೊರಗೆ ಹಾಕಿದವರು ಇನ್ನೊಬ್ಬರಿಲ್ಲ.

ಸೋಪು ಹಾಕಿ ತೊಳೆದೆ. ಬೂದಿ ಹಚ್ಚಿ ಉಜ್ಜಿದೆ. ಕೊಬ್ಬರಿ ಎಣ್ಣೆ ಸವರಿ, ಒರೆಸಿ, ಊದಿ, ಕೈಮುಗಿದು ಒತ್ತಿದೆ. ಆಯಮ್ಮ ಒಪ್ಪಲಿಲ್ಲ. ಚರಕದ ಹನ್ನೊಂದು ಜನರದ್ದೂ ಇದೇ ಪಾಡು.

ಮುನಿಶಾಮಮ್ಮ ತನ್ನ ಹೆಬ್ಬೆಟ್ಟು ನೋಡಿಕೊಂಡು, "ಗೆರೆ ಎಲ್ಲೈತೆ ಇದ್ರಾಗೆ? ಬೇಸಿನ್ನಲ್ಲೇ ಬೆಂದೋಯ್ತಲ್ಲ" ಅಂದಳು.

"ಹಣೇಲಿ ಐತೇನೋ ನೋಡು, ಅದನ್ನೇ ಒತ್ತು" ಅಂದೆ.

"ನಿನ್ ಬಾಯಿಗಿಷ್ಟು! ಬಾಯಿ ಒತ್ತೋ ಮೆಷಿನ್ ಇದ್ದಿದ್ರೆ ನೀನೇ ಫಸ್ಟು" ಅಂದು ಡಬ್ಬಿಗೊಂದು ಏಟು ಕೊಟ್ಟಳು. ಅದಕ್ಕೂ ಮತ್ತೆ ಪ್ರಯತ್ನಿಸಿ ಎಂದಿತು.

ನಮ್ಮ ಪಿ.ಡಿ.ಓ. ಮೋಹನ್‌ಬಾಬು ಒಳ್ಳೆಯವರು. ಒಂದು ಉದ್ದನೆಯ ಪುಸ್ತಕ ತರಿಸಿ, "ಇದ್ರಲ್ಲಿ ಸೈನ್ ಮಾಡ್ತಿರ್ರಪ್ಪ, ಮೇಲಿನೋರಿಗೆ ನಾನು ಬರೀತೀನಿ" ಎಂದಿದ್ದಾರೆ. ಹೀಗಾಗಿ ಪುಸ್ತಕದ ಪ್ರಕಾರ ನಾನು ಬದುಕಿದ್ದೇನೆ, ಡಬ್ಬಿಯ ಪ್ರಕಾರ ಹೋಗಿಬಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಸತ್ತು, ಐದು ನಿಮಿಷ ಬಿಟ್ಟು ಹುಟ್ಟುತ್ತೇನೆ. ನಿಮ್ಮಮ್ಮ ಇದ್ದಿದ್ದರೆ ಕೆಮ್ಮಿ ಕೆಮ್ಮಿ ನಗುತ್ತಿದ್ದಳು.

ನಿನ್ನೆ ಶಾಲೆಯ ಮುಂದೆ ನಲ್ಲಿ ಜೋಡಿಸಿದ್ದು ನಾನೇ. ಒಂದು ತೊಟ್ಟೂ ಸೋರಲಿಲ್ಲ.

ನಿನ್ನ ಹೆಬ್ಬೆಟ್ಟು ಚೆನ್ನಾಗಿದೆ ತಾನೆ?

ಇಂತಿ,
ದಿವಂಗತ ವೆಂಕಟರವಣಪ್ಪ
(ಪುಸ್ತಕದ ಪ್ರಕಾರ ಚಿರಂಜೀವಿ)


ಚಿಕ್ಕಬಳ್ಳಾಪುರ
15 ಅಕ್ಟೋಬರ್ 2024

ಅಪ್ಪನಿಗೆ,

ನಿಮ್ಮ ಎರಡು ಕಾಗದಗಳೂ ತಲುಪಿವೆ.

ಅಮ್ಮನ ಕೆಮ್ಮನ್ನು ತಮಾಷೆಗೆ ಎಳೆಯಬೇಡಿ. ಎಷ್ಟು ದಿನದಿಂದ ಕೆಮ್ಮು ಎಂದು ಡಾಕ್ಟರು ಕೇಳಿದಾಗ, "ನನ್ನನ್ನ ಮದುವೆಯಾದಾಗ್ನಿಂದ ಸಾರ್" ಎಂದಿರಿ. ಡಾಕ್ಟರು ನಕ್ಕರು. ಅಮ್ಮನೂ ನಕ್ಕಳು. ಸಿರಪ್ಪು ಬರೆದುಕೊಟ್ಟರು. ಎಕ್ಸ್‌ರೇ ತೆಗೆದದ್ದು ಮರುವರ್ಷ, ಕೈ ಮೀರಿದ ಮೇಲೆ. ನಾನು ಆ ದಿನ ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ನಾನೂ ನಕ್ಕಿದ್ದೆ. ಅದನ್ನು ಮರೆಯಲು ನನಗೆ ಆಗಿಲ್ಲ.

ನಾನು ಕೆಲಸ ಮಾಡುವುದು ಎಲ್ಲ ತರಬೇತಿಗಳ ಹಾಜರಾತಿ ಬಂದು ಸೇರುವ ಆಫೀಸಿನಲ್ಲಿ. ನಿಮ್ಮೂರಿನ ಪಟ್ಟಿ ತೆಗೆದು ನೋಡಿದೆ. ಕ್ರಮಸಂಖ್ಯೆ ಏಳು, ಹಾಜರಿ ಸೊನ್ನೆ. ಒಂದು ದಿನ ಕಡಿಮೆ ಎಂದಲ್ಲ, ಎರಡು ದಿನ ಎಂದಲ್ಲ, ಸೊನ್ನೆ. ಹೆಬ್ಬೆಟ್ಟು ತಗೊಳ್ಳುವುದಿಲ್ಲ ಎಂಬ ಕಥೆ ನನಗೆ ದಿನಕ್ಕೆ ಹತ್ತು ಬರುತ್ತವೆ, ಗೌರಿಬಿದನೂರು ಕಡೆಯಿಂದ, ಚಿಂತಾಮಣಿ ಕಡೆಯಿಂದ. ವಿಚಾರಿಸಿದರೆ ಬಹಳ ಜನ ಕ್ಲಾಸಿನ ಮುಖವನ್ನೇ ನೋಡಿರುವುದಿಲ್ಲ. ನಿಮ್ಮ ಕಥೆ ಅವೆಲ್ಲಕ್ಕಿಂತ ಚೆನ್ನಾಗಿದೆ, ಅಷ್ಟೇ ವ್ಯತ್ಯಾಸ.

ಯಾವುದು ನಿಜ, ಯಾವುದು ನಗಿಸಲು ಹೇಳಿದ್ದು ಎಂದು ನಿಮ್ಮ ಮಾತಿನಲ್ಲಿ ನನಗೆ ಯಾವತ್ತೂ ತಿಳಿದಿಲ್ಲ. ಒಂಬತ್ತು ವರ್ಷದವಳಿದ್ದಾಗ ಅಮ್ಮನ ಹಾಗೆ ನಾನೂ ಎಳೆ ಹಿಡಿಯುತ್ತೇನೆಂದು ಬೇಸಿನ್ನಿಗೆ ಕೈ ಹಾಕಲು ಹೋದೆ. ಕೆನ್ನೆಗೆ ಹೊಡೆದಿರಿ. ಐದು ಬೆರಳೂ ಮೂಡಿದ್ದವು. ತಮಾಷೆಯಿಲ್ಲದೆ ನೀವು ನನ್ನೊಂದಿಗೆ ಮಾಡಿದ್ದು ಅದೊಂದೇ.

ಆರೋಗ್ಯ ನೋಡಿಕೊಳ್ಳಿ.

ತನುಜ ವಿ.


ಸೊಣ್ಣಪ್ಪನಕುಂಟೆ
17 ನವೆಂಬರ್ 2024

ತನೂ,

'ನೀವು' ಎಂದು ಬರೆದಿದ್ದೀಯ. ಯಾವುದೋ ಸಾಹೇಬರು ಬಂದು ನಿಂತಿದ್ದಾರೇನೋ ಎಂದು ಬೆನ್ನ ಹಿಂದೆ ತಿರುಗಿ ನೋಡಿದೆ. ಇದು ತಮಾಷೆಯಲ್ಲ, ನಿಜವಾಗಿಯೂ ನೋಡಿದೆ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ತಾನಾಗಿಯೇ ಚೇಷ್ಟೆ ಬಂದು ಕೂತಿತ್ತು.

ಡಾಕ್ಟರ ಮುಂದೆ ಹಾಗೆ ಅಂದದ್ದು ನಿಜ. ಅವರು ಸ್ಟೆತಸ್ಕೋಪನ್ನು ಬೆನ್ನಿನ ಒಂದೇ ಜಾಗಕ್ಕೆ ಮತ್ತೆ ಮತ್ತೆ ಇಟ್ಟರಲ್ಲ, ಆಗ ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನನ್ನ ಬಾಯಲ್ಲಿ ಅಂಥದ್ದೇ ಬರುತ್ತದೆ. ಕೆನ್ನೆಗೆ ಹೊಡೆದದ್ದೂ ನಿಜ.

ಅರವತ್ತು ದಿನ ಮುಗಿಯಿತು. ಒಂದು ದಿನವೂ ತಪ್ಪಿಸಿಲ್ಲ. ಪಂಚಾಯ್ತಿ ಸಭೆಯಲ್ಲಿ ನಮ್ಮ ವಿಷಯ ಬಂತು. ಸದಸ್ಯ ಕೊಂಡಪ್ಪ ಎದ್ದು ನಿಂತು, "ದಿನಾ ಕಣ್ಣಲ್ಲಿ ನೋಡಿದೀವಲ್ಲ ಸ್ವಾಮಿ, ಅವರ ಹಾಜರಿಗೆ ನಾವೇ ಸಾಕ್ಷಿ" ಎಂದ. ಎಲ್ಲರೂ ಕೈಯೆತ್ತಿದರು. ಹನ್ನೊಂದು ಜನರ ಹೆಸರು, ಸಹಿಯ ಪುಸ್ತಕದ ನಕಲು, ಸಭೆಯ ಠರಾವು ಎಲ್ಲ ಸೇರಿಸಿ ಮೋಹನ್‌ಬಾಬು ಮೇಲಕ್ಕೆ ಕಳಿಸಿದ್ದಾರೆ. ಪಂಚಾಯ್ತಿ ಇದಕ್ಕಿಂತ ಹೆಚ್ಚು ಮಾಡಲಾರದು, ಸರ್ಟಿಫಿಕೇಟು ಕೊಡುವ ಕೈ ಮೇಲಿನದು. ಅದು ನಿಮ್ಮ ಆಫೀಸಿಗೇ ಬರುತ್ತದಂತೆ.

ನನ್ನ ಮಗಳು ಅಲ್ಲಿದ್ದಾಳೆ ಎಂದು ಯಾರಿಗೂ ಬಾಯಿ ಬಿಟ್ಟಿಲ್ಲ. ಮುನಿಶಾಮಮ್ಮನಿಗೆ ಮಾತ್ರ ಗೊತ್ತು, ಅವಳಿಂದಲೂ ಆಣೆ ಹಾಕಿಸಿಕೊಂಡಿದ್ದೇನೆ. ನೀನು ನನಗಾಗಿ ಏನೂ ಮಾಡಬೇಡ. ಮಿಕ್ಕವರ ಕಾಗದವನ್ನು ನೋಡುವ ಹಾಗೆ ಇದನ್ನೂ ನೋಡು, ಸಾಕು.

ನಿನ್ನ ಅಪ್ಪ,
ವೆಂಕಟರವಣಪ್ಪ


ಚಿಕ್ಕಬಳ್ಳಾಪುರ
6 ಡಿಸೆಂಬರ್ 2024

ಅಪ್ಪನಿಗೆ,

ಆಫೀಸಿನಿಂದ ತಿಳಿಯುವ ಮೊದಲು ನನ್ನಿಂದ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಪಂಚಾಯ್ತಿಯ ಪತ್ರ ನನ್ನ ಮೇಜಿಗೇ ಬಂತು. ಯಂತ್ರದ ಹಾಜರಾತಿ ಇಲ್ಲವೆಂದು ಹಿಂದಿರುಗಿಸಿದ್ದೇನೆ.

ಕ್ರಮಸಂಖ್ಯೆ ಏಳು ನಿಮ್ಮದಾಗಿತ್ತು. ಅಪ್ಪನ ಹೆಸರಿದ್ದ ಪಟ್ಟಿಯನ್ನು ಮಗಳು ದಾಟಿಸಿದಳು ಎಂದು ನಾಳೆ ಯಾರೂ ಅನ್ನಬಾರದು. ನನ್ನದು ವರ್ಷವರ್ಷ ಮುಂದುವರಿಸುವ ಕೆಲಸ. ಜೊತೆಗೆ, ಇಡೀ ಸಭೆಯನ್ನು ನಗಿಸಿ ಕೈಯೆತ್ತಿಸುವುದು ನಿಮಗೆ ಕಷ್ಟವಲ್ಲ ಎಂಬುದೂ ನನಗೆ ಗೊತ್ತು.

ನಿಯಮದ ಪ್ರಕಾರ ಸರಿಯಾಗಿಯೇ ಮಾಡಿದ್ದೇನೆ.

ತನುಜ ವಿ.


ಸೊಣ್ಣಪ್ಪನಕುಂಟೆ
5 ಜನವರಿ 2025

ತನುಜಮ್ಮಂಗೆ ಮುನಿಶಾಮಮ್ಮ ಹೇಳಿ ಬರೆಸೋದು.

ನಾನು ಹೇಳ್ತಿದೀನಿ, ಶಿರೀಷಾ ಮೇಡಮ್ಮು ಬರೀತಾವ್ಳೆ. ಹೇಳಿದ್ದು ಹೇಳ್ದಂಗೇ ಬರಿ ಅಂದಿದೀನಿ, ಚೆಂದ ಮಾಡ್ಬೇಡ ಅಂದಿದೀನಿ. ನಿಮ್ಮಪ್ಪಂಗೆ ಈ ಕಾಗದ ಗೊತ್ತಿಲ್ಲ. ಆಣೆ ಮುರಿದ ಪಾಪ ನಂಗೇ ಬರ್ಲಿ.

ಅವಯ್ಯ ಬರ್ಲಿಲ್ಲ ಅಂತ ಬರ್ದೆಯಂತಲ್ಲಮ್ಮ. ಬಾಗಿಲು ತೆಗೆಯೋಕೆ ಮುಂಚೆ ಬಂದು ಮೆಟ್ಲ ಮೇಲೆ ಕೂತಿರ್ತಿದ್ದ. ಬಂದೋನು ದಿನಾ ಮೊದ್ಲು ಆ ಡಬ್ಬಿಗೆ ಹೆಬ್ಬೆಟ್ಟು ಒತ್ತೋನು. ಪುಸ್ತಕದಲ್ಲಿ ಸೈನ್ ಹಾಕಿದ್ರೆ ಸಾಕು ಅಂತ ಸಾಹೇಬ್ರು ಹೇಳಿದ್ರೂ ಬಿಡ್ತಿರ್ಲಿಲ್ಲ. "ಏನಯ್ಯಾ ನಿಂಗೆ ಹುಚ್ಚಾ" ಅಂದೆ. "ಇದು ಸೀದಾ ನನ್ ಮಗಳ ಆಫೀಸಿಗೆ ಹೋಗುತ್ತಂತೆ ಮುನಿಶಾಮಮ್ಮ, ಒಂದಿನನಾದ್ರೂ ಅಪ್ಪ ಬಂದಿದ್ದ ಅಂತ ಹೇಳ್ಬಹುದು" ಅಂದ. ಕೊನೆಕೊನೆಗೆ ಕಲ್ಲಿಗೆ ಉಜ್ಜಿ ಉಜ್ಜಿ ಹೆಬ್ಬೆಟ್ಟಲ್ಲಿ ರಕ್ತ ಬಂದಿತ್ತು. ಒಳಗಡೆ ಗೆರೆ ಇರ್ತದೇನೋ ಅಂತ.

ನೀನು ವಾಪಸ್ ಕಳಿಸಿದ ಕಾಗದ ಸಾಹೇಬ್ರು ಎಲ್ಲರ ಮುಂದೆ ಓದಿದ್ರು. ಕೆಳಗೆ ನಿನ್ನ ಸೈನ್ ಇತ್ತು. ನಿಮ್ಮಪ್ಪ ಇಸ್ಕೊಂಡು ನೋಡ್ದ. "ಅಕ್ಷರ ಎಷ್ಟು ದುಂಡಗೈತೆ ನೋಡ್ರಪ್ಪ" ಅಂದ. ಅಷ್ಟೇ ಅಂದಿದ್ದು. ಯಾರ ಸೈನ್ ಅಂತ ಹೇಳ್ಲಿಲ್ಲ.

ನೀರುಗಂಟಿ ಕೆಲಸ ಹುಡುಗ್ರಿಗಾಯ್ತು. ಅವರೇನೂ ಕೆಟ್ಟೋರಲ್ಲ ಬಿಡು. ಎಲ್ಲಿ ಎಷ್ಟು ತಿರುಗಿಸ್ಬೇಕು ಅಂತ ಅವರಿಗೆ ಹೇಳ್ಕೊಟ್ಟೋನೂ ನಿಮ್ಮಪ್ಪನೇ, ಈಗ್ಲೂ ಮೋಟ್ರು ಕೆಟ್ರೆ ಅವನನ್ನೇ ಕರೀತಾರೆ.

ಪೇಟೆಯೋರು ಮೆಷಿನ್ನಿಗೆ ಆಗದ ಕಳಪೆ ಗೂಡು ಕೂಲಿಗೆ ಬಿಚ್ಚೋಕೆ ಕೊಡ್ತಾರೆ. ಹೋದ ವಾರ ನಿಮ್ಮನೇಗೂ ಬಂತು. ಬೇಸಿನ್ನಿಗೆ ನೀರು ತುಂಬ್ದ, ಸೌದೆ ಇಟ್ಟ, ಆಮೇಲೆ ಕಡ್ಡಿಪೆಟ್ಟಿಗೆ ಹಿಡ್ಕೊಂಡು ಕೂತೇಬಿಟ್ಟ. ನಿಮ್ಮಮ್ಮ ಹೋಗೋ ಹಿಂದಿನ ದಿನ, "ಚಾಲಯ್ಯಾ, ಪೊಯ್ಯಿ ಆರ್ಪು" ಅಂತ ತೆಲುಗಲ್ಲಿ ಅಂದಿದ್ಲಲ್ಲ, ಸಾಕು ಒಲೆ ಆರ್ಸು ಅಂತ. ಅದು ನೆಪ್ಪಾಗಿ ಅವಯ್ಯಂಗೆ ಕಡ್ಡಿ ಗೀರೋಕೆ ಕೈ ಬರ್ಲಿಲ್ಲ. ನಾನೇ ಗೀರ್ದೆ.

ನೀನು ಓದಿದೋಳು. ಕೆಳಗೆ ನನ್ನ ಹೆಬ್ಬೆಟ್ಟು ಒತ್ತಿದೀನಿ. ಗೆರೆ ಇದ್ರೆ ಹುಡುಕ್ಕೋ.

ಮುನಿಶಾಮಮ್ಮ

(ಇಲ್ಲೊಂದು ನೀಲಿ ಗುರುತಿದೆ. ಗೋಲಿಯಷ್ಟು ನುಣ್ಣಗಿದೆ. ಮೂರು ಸಲ ಒತ್ತಿಸಿದೆ, ಅಕ್ಕ. — ಶಿರೀಷಾ)


ಚಿಕ್ಕಬಳ್ಳಾಪುರ
12 ಜನವರಿ 2025

ಅಪ್ಪ,

ಮುನಿಶಾಮಮ್ಮನ ಕಾಗದ ಬಂತು. ಅವಳನ್ನು ಬೈಯಬೇಡ.

ನಮ್ಮ ಆಫೀಸಿನಲ್ಲೂ ಬಾಗಿಲ ಹತ್ತಿರ ಅಂಥದ್ದೇ ಡಬ್ಬಿ ಇದೆ. ಶುಕ್ರವಾರ ಬೆಳಿಗ್ಗೆ ಹೆಬ್ಬೆಟ್ಟಿಟ್ಟೆ. ಒಂದೇ ಸಲಕ್ಕೆ ಹಸಿರು. ಎರಡು ವರ್ಷದಿಂದ ದಿನಾ ಒಂದೇ ಸಲಕ್ಕೆ ಹಸಿರು, ಒಂದು ದಿನವೂ ಆಯಮ್ಮ ನನಗೆ ಮತ್ತೆ ಪ್ರಯತ್ನಿಸಿ ಎಂದಿಲ್ಲ. ನನ್ನ ಹೆಬ್ಬೆಟ್ಟಿನಲ್ಲಿ ಗೆರೆಗಳಿವೆ ಅಪ್ಪ. ಎಲ್ಲವೂ ಇವೆ, ಒಂದೂ ಅಳಿಸಿಲ್ಲ. ಬಾಗಿಲಲ್ಲೇ ನಿಂತು ನೋಡಿಕೊಂಡೆ. ಹಿಂದೆ ಬಂದವರು "ಏನ್ ಮೇಡಂ, ಸರೀರಿ" ಅಂದರು. ಅವತ್ತು ನೀನು ಹೊಡೆದ ಕೆನ್ನೆಯನ್ನು ಹಿಡಿದುಕೊಂಡು ನಿಂತಿದ್ದೆ.

ಇನ್ನೊಂದು ವಿಷಯ ಹೇಳಬೇಕು. ಆ ಪಟ್ಟಿಯ ಕೊನೆಯಲ್ಲಿ 'ವಿನಾಯಿತಿ' ಎಂದೊಂದು ಖಾನೆ ಇರುತ್ತದೆ. ಬೆರಳಚ್ಚು ಸವೆದವರಿಗೆಂದೇ ಇರುವುದು. ಅಲ್ಲೊಂದು ಟಿಕ್ ಹಾಕಿದರೆ ಪಂಚಾಯ್ತಿಯ ಪುಸ್ತಕವನ್ನೇ ಹಾಜರಿ ಎಂದು ತಗೊಳ್ಳುತ್ತಾರೆ. ನನಗೆ ಗೊತ್ತಿತ್ತು. ಬೇರೆ ಊರಿನವರಿಗೆ ಹಾಕಿದ್ದೇನೆ. ನಿನ್ನ ಹೆಸರು ಕಂಡ ಕೂಡಲೇ ಕೈ ಆ ಕಡೆ ಹೋಗಲಿಲ್ಲ. ನಿಯಮ ಎಂದು ನಿನಗೆ ಬರೆದದ್ದು ಸುಳ್ಳು. ಮಿಕ್ಕವರ ಕಾಗದವನ್ನು ನೋಡುವ ಹಾಗೆ ನೋಡು ಎಂದು ನೀನು ಬರೆದಿದ್ದೆ. ಅಷ್ಟನ್ನೂ ನಾನು ಮಾಡಲಿಲ್ಲ.

ಶುಕ್ರವಾರ ಮಧ್ಯಾಹ್ನವೇ ದೊಡ್ಡ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ, ನೀನು ನನ್ನ ಅಪ್ಪ ಎಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ. "ಆ ಬ್ಯಾಚು ಕ್ಲೋಸ್ ಆಯ್ತಲ್ಲಮ್ಮ, ಇನ್ನು ಓಪನ್ ಆಗಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಹನ್ನೊಂದು ಜನರ ಮನೆಗೂ ಹೋಗಿ ಹೇಳಬೇಕು, ಮೊದಲು ನಿನಗೆ.

ಇಪ್ಪತ್ತಾರನೇ ತಾರೀಕು ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಲೆ ಉರಿಯುತ್ತಿದ್ದರೆ ಉರಿಯಲಿ. ಒಳಗೆ ಬಿಟ್ಟುಕೊಳ್ಳುತ್ತೀಯಾ?

ನಿನ್ನ
ತನು


ಸೊಣ್ಣಪ್ಪನಕುಂಟೆ
20 ಜನವರಿ 2025

ತನೂ,

'ನೀನು' ಎಂದು ಬರೆದಿದ್ದೀಯ. ಮುನಿಶಾಮಮ್ಮನಿಗೂ ಓದಿ ಹೇಳಿದೆ, ಆ ಜಾಗವನ್ನು ಎರಡು ಸಲ ಓದಿಸಿಕೊಂಡಳು. ಅವಳು ಅಳುತ್ತಾ ಕೂತಳು. ನಾನು ಏನೋ ಒಂದು ಚೇಷ್ಟೆಯ ಮಾತು ಆಡಲು ಬಾಯಿ ತೆಗೆದೆ, ಬರಲಿಲ್ಲ. ಇಷ್ಟು ವರ್ಷ ಆ ಅಂಗಡಿ ನಡೆಸಿದ್ದೇನಲ್ಲ, ಸರಕು ತೀರಿರಬೇಕು.

ದೊಡ್ಡ ಸಾಹೇಬರ ಮುಂದೆ ಹೋಗಬಾರದಿತ್ತು. ನಿನ್ನ ಕೆಲಸಕ್ಕೆ ತೊಂದರೆಯಾದೀತು. ಮುಂದೆ ಯಾವುದಾದರೂ ಊರಿನಿಂದ ಇಂಥ ಪಟ್ಟಿ ಬಂದರೆ ಆ ಖಾನೆ ನೋಡು, ನಮ್ಮ ಲೆಕ್ಕ ಅಲ್ಲಿಗೆ ಚುಕ್ತಾ. ಉಳಿದ ಒಂಬತ್ತು ಜನರಿಗೆ ನಾನೇ ಹೇಳುತ್ತೇನೆ. ನೀನು ಅವರ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ನೋಡಲು ನನ್ನಿಂದಾಗುವುದಿಲ್ಲ.

ಮನೆಗೆ ಬರಬೇಡ ಮಗಳೇ. ಕೋಪಕ್ಕೆ ಹೇಳುತ್ತಿಲ್ಲ. ಒಲೆ ಉರಿಯುತ್ತಿದೆ, ದಿನಾ ಉರಿಯುತ್ತದೆ. ನೀನು ಅವತ್ತು ಆಡಿದ ಮಾತು ನಿಮ್ಮಮ್ಮನ ಫೋಟೋದ ಮುಂದೆ ಆಡಿದ್ದು. ಒಲೆ ಆರಿಸೆಂದು ಅವಳು ಕೇಳಿದ್ದನ್ನು ನಾನಂತೂ ನಡೆಸಿಕೊಡಲಿಲ್ಲ, ನಿನ್ನ ಮಾತನ್ನು ನೀನಾದರೂ ನಡೆಸು. ಈ ಹೊಗೆಯಲ್ಲಿ ನೀನು ಒಂದು ಸಲ ಕೆಮ್ಮಿದರೂ ನನಗೆ ತಡೆಯಲು ಆಗುವುದಿಲ್ಲ.

ಆದರೆ ಬಸ್ಸಿಗೆ ಬಾ. ಬಸ್ಸು ನಿಲ್ಲುವುದು ಶಾಲೆಯ ಮುಂದೆ. ಅಲ್ಲಿ ನಾನು ಜೋಡಿಸಿದ ನಲ್ಲಿಯಿದೆ, ಇವತ್ತಿಗೂ ಸೋರಿಲ್ಲ. ಭಾನುವಾರ ಬೆಳಿಗ್ಗೆ ಅಲ್ಲೇ ನಿಂತಿರುತ್ತೇನೆ. ನೀನು ಇಳಿ, ನಾನು ತಿರುಗಿಸುತ್ತೇನೆ. ಬೋರಿನ ನೀರು, ತಣ್ಣಗಿರುತ್ತದೆ. ಆ ನೀರಿಗೆ ಎರಡೂ ಕೈ ಹಾಕು, ಎಷ್ಟು ಹೊತ್ತು ಬೇಕಾದರೂ ಇಟ್ಟುಕೋ.

ಹೊಡೆಯುವುದಿಲ್ಲ.

ಹಾಜರಿರುವ
ನಿನ್ನ ಅಪ್ಪ